ಹಂಬು ಎಣಿಸಿದ ಬೇಸಿಗೆ

ಹಿಟ್ಟಿನ ಮಿಲ್ಲಿನವರನ್ನು ಯಾರೂ ನಂಬುವುದಿಲ್ಲ. ಅಕ್ಷರ ಕಲಿಯುವುದಕ್ಕೂ ಮೊದಲು ನಾನು ಕಲಿತದ್ದು ಇದನ್ನು. ಜಯಪುರದಲ್ಲಿ ನಮ್ಮ ಮನೆ ಅಪ್ಪನ ಮಿಲ್ಲಿನ ಬೆನ್ನಿಗೆ ಅಂಟಿಕೊಂಡಿತ್ತು. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಆ ಬಾಗಿಲಲ್ಲಿ ನಿಂತರೆ ಅಕ್ಕಿ, ರಾಗಿ, ಮೆಣಸಿನಕಾಯಿ ತಂದು ಸಾಲಾಗಿ ನಿಂತವರ ಮುಖ ಕಾಣುತ್ತಿತ್ತು. ಧಾನ್ಯ ಸುರಿಯುವಾಗ ಅವರ ಕಣ್ಣು ಅಪ್ಪನ ಕೈಮೇಲೆ, ಹಿಟ್ಟು ಇಳಿಯುವಾಗ ಚೀಲದ ಬಾಯಿಯ ಮೇಲೆ. ಎಲ್ಲ ಮುಗಿದ ಮೇಲೂ ಅವರು ಹೊರಡುತ್ತಿರಲಿಲ್ಲ.

"ಇನ್ನೊಂದ್ ಸಲ ಬಡೀರಿ ಮಾರಾಯ್ರೆ, ಒಳಗೆ ಉಳ್ದಿರ್ತದೆ."

ಅಪ್ಪ ಬಡಿಯುತ್ತಿದ್ದ. ಒಂದು ಚಿಟಿಕೆ ಹಿಟ್ಟು ಬೀಳುತ್ತಿತ್ತು. ಆ ಒಂದು ಚಿಟಿಕೆಯನ್ನು ಅವರು ನೋಡುತ್ತಿದ್ದ ರೀತಿ ನೋಡಿದರೆ, ಇಷ್ಟು ದಿನ ನಾವು ಮೂರು ಹೊತ್ತು ಉಂಡದ್ದು ಅವರ ಅಕ್ಕಿಯನ್ನೇ ಎಂದು ನಮಗೇ ಅನ್ನಿಸಬೇಕು. ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೋಟಾರಿನ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು, ಇನ್ನರ್ಧವನ್ನು ಅವನು ಬೇಕೆಂದೇ ಕೊಡುತ್ತಿರಲಿಲ್ಲ. ಹಚ್ಚಿಕೊಂಡವಳು ಅಮ್ಮ. ಊರವರೆಲ್ಲ ತನ್ನ ಮನೆಯನ್ನು ಅನುಮಾನದಿಂದ ನೋಡುತ್ತಾರೆಂದು ಗೊತ್ತಾದ ಮೇಲೆ ಅವಳು ಊರನ್ನೂ ಮನೆಯನ್ನೂ ಹಾಗೆಯೇ ನೋಡತೊಡಗಿದಳು. ನಮ್ಮ ಮನೆಯಲ್ಲಿ ಹಿಟ್ಟು ಕೂರದ ಜಾಗವಿರಲಿಲ್ಲ. ಕ್ಯಾಲೆಂಡರಿನ ಮೇಲೆ, ದೇವರ ಪಟದ ಗಾಜಿನ ಮೇಲೆ, ಅಪ್ಪನ ರೆಪ್ಪೆಯ ಮೇಲೆ, ಎಲ್ಲದಕ್ಕಿಂತ ಹೆಚ್ಚಾಗಿ ನೆಲದ ಮೇಲೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ತೆಳ್ಳಗೆ ಒಂದು ಪದರ. ಅದರ ಮೇಲೆ ಮೂಡಿದ ಹೆಜ್ಜೆಗಳನ್ನು ಅಮ್ಮ ಪೇಪರ್ ಓದಿದ ಹಾಗೆ ಓದುತ್ತಿದ್ದಳು.

"ಉಗ್ರಾಣಕ್ಕೆ ಯಾರು ಹೋದದ್ದು? ಹಿಮ್ಮಡಿ ಊರಿಲ್ಲ. ತುದಿಗಾಲಲ್ಲಿ ಹೋಗಿದ್ದಾರೆ."

ಹೋದವಳು ನಾನು, ಬೆಲ್ಲಕ್ಕೆ. ಅಂದಿನಿಂದ ನಾನು ಹಿಮ್ಮಡಿ ಊರಿಯೇ ಹೋಗುತ್ತಿದ್ದೆ.

ನಮ್ಮ ಸಾಲಿನಲ್ಲಿ ಐದು ಮನೆ. ಐದರಲ್ಲೂ ಹೂಗಿಡದ ಹುಚ್ಚು. ಡೇರೆ, ಸೇವಂತಿಗೆ, ಗುಲಾಬಿ, ಹೆಸರು ಗೊತ್ತಿಲ್ಲದ ಬಣ್ಣದೆಲೆಯ ಗಿಡಗಳು. ಈ ಮನೆಗಳ ಹೆಂಗಸರ ನಡುವೆ ಒಂದು ನಂಬಿಕೆ ಇತ್ತು, ಈಗಲೂ ಕೊಪ್ಪ, ಶೃಂಗೇರಿ ಕಡೆ ಇದೆ: ಕೇಳಿ ತಂದ ಗಿಡ ಮುನಿಸಿಕೊಂಡು ಕೂರುತ್ತದೆ, ಕದ್ದು ತಂದದ್ದು ಚೆನ್ನಾಗಿ ಹತ್ತುತ್ತದೆ. ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ. ಕಾಫಿಗೆ ಬಂದವರು ಹೋಗುವಾಗ ಸೆರಗಿನಡಿ ಒಂದು ಕಡ್ಡಿ ಹೋಗುತ್ತಿತ್ತು. ಅದು ಅಪರಾಧವಲ್ಲ, ಆದರೆ ಕಣ್ಣಾರೆ ಕಾಣಬಾರದು. ಬಂದವರನ್ನು ಗೇಟಿನವರೆಗೆ ಬಿಟ್ಟು ಬರುವ ನಮ್ಮ ಸಾಲಿನ ಮರ್ಯಾದೆ ಮರ್ಯಾದೆಯೇ ಅಲ್ಲ, ಕೈ ಕಾಯುವ ಕೆಲಸ ಎಂದು ನನಗೆ ಬೇಗ ತಿಳಿಯಿತು. ಪಕ್ಕದ ಮನೆಯ ಸರೋಜಕ್ಕ ಬಿರುಬಿಸಿಲಲ್ಲೂ ಕೊಡೆ ಹಿಡಿದು ಬರುತ್ತಿದ್ದರು, ಮಡಚಿದ ಕೊಡೆ. ಅದರೊಳಗೆ ಒಂದು ನರ್ಸರಿಯೇ ಹಿಡಿಸುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನೂ ಅವರ ಮನೆಯಿಂದ ಬರಿಗೈಯಲ್ಲಿ ಬಂದದ್ದನ್ನು ನಾನು ನೋಡಿಲ್ಲ.

ಇಂಥ ಮನೆಗೆ ಸ್ಟ್ರಾಬೆರಿ ಬಂತು. ತಂದವನು ಅಮ್ಮನ ತಮ್ಮ, ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಮಾವ. ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿ ಒಂದೇ ಒಂದು ಗಿಡ, ಬಂಗಲೆಯ ತೋಟದ್ದು. ಅಮ್ಮ ಡಬ್ಬವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದಳು:

"ಕೇಳಿ ತಂದ್ಯಾ, ಕೇಳ್ದೆ ತಂದ್ಯಾ?"

"ಕೇಳಿದ್ರೆ ಕೊಡ್ತಿದ್ರಾ ಅಕ್ಕ?"

ಅಮ್ಮನಿಗೆ ಸಮಾಧಾನವಾಯಿತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಒಡೆದ ಮಣ್ಣಿನ ಕುಂಡಕ್ಕೆ ಅದನ್ನು ದಾಟಿಸಿದಳು. ಶಿವರಾತ್ರಿ ಕಳೆದ ಮೇಲೆ ಒಂದು ಹಣ್ಣು ಬಿಟ್ಟಿತು, ನನ್ನ ಹೆಬ್ಬೆರಳ ತುದಿಯಷ್ಟು. ಅಮ್ಮ ಅದನ್ನು ತಟ್ಟೆಯ ಮೇಲಿಟ್ಟು ನಾಲ್ಕು ಹೋಳು ಮಾಡಿದಳು: ಅಪ್ಪನಿಗೆ, ಶಾರದತ್ತೆಗೆ, ನನಗೆ, ತನಗೆ. ಹುಳಿಗೆ ನನ್ನ ಒಂದು ಕಣ್ಣು ಮುಚ್ಚಿತು. ಅಪ್ಪ "ಲಾಯಕ್ಕಿದೆ" ಅಂದ. ಅತ್ತೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹುಳಿ ಇದೆ ಮಾರಾಯ್ತಿ. ಇನ್ನೊಂದ್ ಹತ್ತು ಸಿಕ್ಕಿದ್ರೆ ಗೊಜ್ಜು ಮಾಡ್ಬಹುದಿತ್ತು."

ಅಮ್ಮ ನಕ್ಕಳು. ಆ ನಗೆ ನನಗೆ ಗೊತ್ತು, ಅದರಲ್ಲಿ ಹಲ್ಲು ಮಾತ್ರ ಇರುತ್ತಿತ್ತು.

ಶಾರದತ್ತೆ ಅಪ್ಪನ ಅಕ್ಕ. ನೆಮ್ಮಾರಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ, ಮಕ್ಕಳಿಲ್ಲದ್ದರಿಂದ, ಮೈದುನನ ಮನೆಯಲ್ಲಿ ಇರಲಾಗದೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದಿದ್ದಳು. ನನಗೆ ಆಗ ಆರು ವರ್ಷ, ಈ ಹಂಬಿನ ಬೇಸಿಗೆಯಲ್ಲಿ ಒಂಬತ್ತು. ಅಡಿಗೆಮನೆಯ ಹಿಂದಿನ ಸಣ್ಣ ಕೋಣೆ ಅವಳದ್ದು. ಮನೆಯ ಅರ್ಧ ಕೆಲಸ ಅವಳೇ ಮಾಡುತ್ತಿದ್ದಳು, ಯಾವುದನ್ನೂ ಮಾಡಿದೆ ಎಂದು ಹೇಳುತ್ತಿರಲಿಲ್ಲ. ಅಮ್ಮನಿಗೆ ಇದು ಸರಿಬರುತ್ತಿರಲಿಲ್ಲ. ಹೇಳದೆ ಕೆಲಸ ಮಾಡುವವರು ಹೇಳದೆ ಇನ್ನೇನೇನು ಮಾಡುತ್ತಾರೋ ಎಂಬುದು ಅವಳ ಲೆಕ್ಕ. ಇಬ್ಬರೂ ಒಂದು ದಿನವೂ ಜಗಳವಾಡಿದ್ದಿಲ್ಲ. "ಅತ್ತಿಗೆ, ನೀವು ಕೂತ್ಕೊಳ್ಳಿ", "ಲಲಿತಾ, ನೀನು ಬಿಡು" ಎಂದು ಇಡೀ ದಿನ ಒಬ್ಬರ ಕೈಯಿಂದ ಒಬ್ಬರು ಪಾತ್ರೆ ಕಿತ್ತುಕೊಳ್ಳುತ್ತಿದ್ದರು.

ಏಪ್ರಿಲ್ ಹೊತ್ತಿಗೆ ಗಿಡ ಹಣ್ಣು ಬಿಡುವುದನ್ನು ನಿಲ್ಲಿಸಿ ಹಂಬು ಬಿಡತೊಡಗಿತು. ದಾರದಷ್ಟು ತೆಳ್ಳಗಿನ ಕೆಂಪು ಬಳ್ಳಿ ಬುಡದಿಂದ ಹೊರಟು, ಕುಂಡದ ಅಂಚು ದಾಟಿ ನೆಲಕ್ಕೆ ಇಳಿದು, ತುದಿಯಲ್ಲಿ ಒಂದು ಪುಟ್ಟ ಗಿಡವನ್ನು ಹೊತ್ತು ಕೂರುತ್ತಿತ್ತು. ಅಮ್ಮ ಅವನ್ನು ಮರಿ ಎಂದು ಕರೆದಳು. ಏಳು ಹಂಬು, ಏಳು ಮರಿ. ಮಳೆ ಹಿಡಿಯುವ ಮೊದಲು ಅವನ್ನೆಲ್ಲ ಬೇರೆ ಮಾಡಿ, ರಸ್ತೆ ಕಡೆಯ ಕಿಟಕಿಯ ಕೆಳಗೆ ಸೂರಿನಡಿ ಒಂದು ಸಾಲು ಇಡುವುದೆಂದು ಅವಳು ತೀರ್ಮಾನಿಸಿದಳು. ಈಗ ಯೋಚಿಸಿದರೆ ಆ ಆಸೆಯ ಬಗ್ಗೆ ನನಗೆ ಪ್ರೀತಿ ಬರುತ್ತದೆ. ಜನ ನಮ್ಮ ಮನೆಯ ಮುಂದೆ ನಿಂತು ತಮ್ಮ ಹಿಟ್ಟಿನ ಚೀಲವನ್ನಲ್ಲದೆ ಬೇರೇನನ್ನಾದರೂ ನೋಡಲಿ ಎಂದು ಅವಳಿಗೆ ಇತ್ತು. ಮಿಲ್ಲು ಅಪ್ಪನದ್ದು, ಮನೆ ಅಪ್ಪ ಮತ್ತು ಅತ್ತೆ ಹುಟ್ಟಿದ್ದು. ಆ ಕುಂಡ ಒಂದೇ ಅವಳದ್ದು.

ಆ ಮರಿಗಳನ್ನು ಕದ್ದವಳು ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಓದುವವರು ನನ್ನನ್ನೂ ನಂಬುವುದಿಲ್ಲ. ಕದ್ದದ್ದು ಅಮ್ಮನಿಗಾಗಿಯೇ. ಒಂಬತ್ತು ವರ್ಷದ ತಲೆ ಓಡಿದ್ದು ಹೀಗೆ: ಕದ್ದ ಗಿಡ ಮಾತ್ರ ಚೆನ್ನಾಗಿ ಹತ್ತುತ್ತದೆ. ಅಮ್ಮ ತನ್ನದೇ ಕುಂಡದಿಂದ ತಾನೇ ತೆಗೆದು ನೆಟ್ಟರೆ ಅದು ಕದ್ದದ್ದಾಗುವುದಿಲ್ಲ, ಆದ್ದರಿಂದ ಏಳೂ ಸಾಯುತ್ತವೆ. ಯಾರಾದರೂ ಕದಿಯಲೇಬೇಕು. ಸರೋಜಕ್ಕ ಕದ್ದರೆ ಅವರ ಮನೆಗೆ ಹೋಗುತ್ತದೆ, ನಾನು ಕದ್ದರೆ ಮನೆಯಲ್ಲೇ ಉಳಿಯುತ್ತದೆ. ಬೆಳೆಸಿ, ಹೂ ಬಂದ ಮೇಲೆ, ಅಮ್ಮನ ಮುಂದೆ ಇಡುವುದು. ಅಪ್ಪನ ಹಳೆಯ ಬ್ಲೇಡಿನಿಂದ ಮೊದಲನೆಯ ಹಂಬನ್ನು ಕತ್ತರಿಸಿದೆ. ಮಿಲ್ಲಿನ ಹಿಂದೆ ಹೊಟ್ಟು ಸುರಿಯುವ ಮೂಲೆಯಲ್ಲಿ ತೆಂಗಿನ ಕರಟಕ್ಕೆ ಮಣ್ಣು ತುಂಬಿ ನೆಟ್ಟೆ. ಮೂರನೆಯ ದಿನಕ್ಕೆ ಅದು ಬಾಡಿ ತಲೆ ಜೋತುಹಾಕಿತು. ಕದಿಯುವಾಗ ಬೆಕ್ಕು ನೋಡಿದ್ದರಿಂದ ಪೂರ್ತಿ ಕಳ್ಳತನ ಆಗಲಿಲ್ಲವೆಂದುಕೊಂಡು, ಬೆಕ್ಕು ಇಲ್ಲದಾಗ ಎರಡನೆಯದನ್ನು ತೆಗೆದೆ. ಅದೂ ಹೋಯಿತು.

ಹಂಬಿನ ತುದಿಯ ಮರಿಗೆ ಬೇರು ಇರುವುದಿಲ್ಲ ಎಂದು ನನಗೆ ಯಾರು ಹೇಳಬೇಕು? ಅಡಿಯಲ್ಲಿ ಅಕ್ಕಿಕಾಳಿನಂಥ ಬಿಳಿ ಮೊಳಕೆ ಒಂದೆರಡು, ಅಷ್ಟೆ. ಉಣ್ಣುವುದೆಲ್ಲ ತಾಯಿಗಿಡದಿಂದ. ಮರಿಯನ್ನು ಒದ್ದೆ ಮಣ್ಣಿಗೆ ಒತ್ತಿ, ಅಲ್ಲಾಡದ ಹಾಗೆ ಹಿಡಿಸಿ, ಎರಡು ಮೂರು ವಾರ ಹಂಬಿನ ಜೊತೆಗೇ ಬಿಡಬೇಕು. ಮೆಲ್ಲಗೆ ಎಳೆದರೆ ಬರದೆ ಮಣ್ಣು ಕಚ್ಚಿದ ಮೇಲೆಯೇ ಕತ್ತರಿಸಬೇಕು. ಈಗ ನಾನು ಹಾಗೇ ಮಾಡುತ್ತೇನೆ, ನೂರಕ್ಕೆ ತೊಂಬತ್ತು ಬದುಕುತ್ತವೆ. ಆಗ ಒಂದೊಂದು ಸತ್ತಾಗಲೂ ನನ್ನ ಕಳ್ಳತನದಲ್ಲೇ ಏನೋ ಕೊರತೆ ಇದೆಯೆಂದು ಭಾವಿಸಿ, ಇನ್ನೂ ಎಚ್ಚರದಿಂದ ಕದ್ದೆ.

ಅಮ್ಮ ದಿನಾ ಬೆಳಿಗ್ಗೆ ಹಂಬು ಎಣಿಸುತ್ತಿದ್ದಳು. ಏಳು ಇದ್ದದ್ದು ಆರಾಯಿತು, ಐದಾಯಿತು. ತುಂಡಾದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಇಲಿ ಅಲ್ಲ, ಕೋಳಿಯೂ ಅಲ್ಲ. ಸೀದಾ ಕೊಯ್ದಿದೆ. ಮನುಷ್ಯರೇ."

ಮೊದಲು ಕೊಡೆಯ ಮೇಲೆ ಅನುಮಾನ ಹೋಯಿತು. ಸರೋಜಕ್ಕ ಬಂದಾಗ ಅಮ್ಮ ಕೊಡೆಯನ್ನು "ಒಣಗ್ಲಿ" ಎಂದು ಇಸಿದುಕೊಂಡು ಬಿಚ್ಚಿ ಜಗಲಿಯಲ್ಲಿಟ್ಟಳು, ಕೊಡೆ ಒಣಗಿಯೇ ಇತ್ತು. ಅದರೊಳಗಿಂದ ಒಂದು ಬಣ್ಣದೆಲೆ ಕಡ್ಡಿ ಬಿತ್ತು, ಅದು ನಾಲ್ಕನೇ ಮನೆಯದ್ದು. ಇಬ್ಬರೂ ಅದನ್ನು ನೋಡದವರಂತೆ ಕಾಫಿ ಕುಡಿದರು. ಆಮೇಲೆ ಅಮ್ಮ ಮಿಲ್ಲಿನ ನೆಲ ಗುಡಿಸಿದ ಹಿಟ್ಟನ್ನು ಸಂಜೆ ಕುಂಡದ ಸುತ್ತ ಜರಡಿ ಹಿಡಿದು ಉದುರಿಸತೊಡಗಿದಳು. ಬೆಳಿಗ್ಗೆ ಅದರ ಮೇಲೆ ಬೆಕ್ಕಿನ ಹೆಜ್ಜೆ, ಕೋಳಿಯ ಹೆಜ್ಜೆ ಬಿಟ್ಟರೆ ಬೇರೆ ಇಲ್ಲ. ನಾನು ಒಗೆಯುವ ಕಲ್ಲಿನ ಮೇಲೆ ಹತ್ತಿ ಅಲ್ಲಿಂದಲೇ ಬಗ್ಗಿ ಕೊಯ್ಯುತ್ತಿದ್ದೆ. ಹೆಜ್ಜೆ ಇಲ್ಲದೆ ಮರಿ ಹೋಗುವುದನ್ನು ಕಂಡು ಅಮ್ಮನ ಮುಖ ಇಳಿಯಿತು. ಹೊರಗಿನವರಿಗೆ ಹೆಜ್ಜೆ ಮೂಡದ ಹಾಗೆ ಬರುವ ಹಾದಿ ಗೊತ್ತಿರಲಾರದು. ಅನುಮಾನ ಮನೆಯೊಳಕ್ಕೆ ಬಂತು.

ಐದನೆಯ ಮರಿಯನ್ನು ತೆಗೆದಾಗ ಒಂದು ವಿಚಿತ್ರ ನಡೆಯಿತು. ಅದು ಕುಂಡದ ಪಕ್ಕದ ನೆಲಕ್ಕೆ ಕಚ್ಚಿಕೊಂಡಿತ್ತು. ಎಳೆದಾಗ ಒಂದು ಹಿಡಿ ಮಣ್ಣಿನ ಸಮೇತ ಎದ್ದು ಬಂತು. ಕರಟದಲ್ಲಿ ನೆಟ್ಟೆ. ವಾರ ಕಳೆದರೂ ಬಾಡಲಿಲ್ಲ, ಹೊಸ ಎಲೆಯನ್ನೂ ಬಿಟ್ಟಿತು. ಕೊನೆಗೂ ಸರಿಯಾಗಿ ಕದಿಯುವುದನ್ನು ಕಲಿತೆ ಎಂದು ನಾನು ಹಿಗ್ಗಿದೆ. ಆದರೆ ಅದು ಎದ್ದು ಬಂದ ಗುಳಿಯಲ್ಲಿ ಅಮ್ಮನಿಗೆ ಒಂದು ವಸ್ತು ಸಿಕ್ಕಿತು. ನಾನು ಮರಿ ತೆಗೆದ ಮರುದಿನವೇ ಅದನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದಳು. ತುರುಬಿಗೆ ಸಿಕ್ಕಿಸುವ, ಎರಡು ಕಾಲಿನ ಕಪ್ಪು ಹೇರ್‌ಪಿನ್ನು. ಅಮ್ಮನದ್ದು ಜಡೆ, ನನ್ನದೂ ಜಡೆ. ಮನೆಯಲ್ಲಿ ತುರುಬು ಕಟ್ಟುತ್ತಿದ್ದವಳು ಅತ್ತೆ ಒಬ್ಬಳೇ.

"ಸುಮಿ, ಸುಳ್ಳು ಹೇಳ್ಬಾರ್ದು. ಅತ್ತೆ ಈ ಕುಂಡದ ಹತ್ರ ಕೂತದ್ದು ನೋಡಿದ್ಯಾ?"

ನೋಡಿದ್ದೆ. ಇಪ್ಪತ್ತು ದಿನದ ಹಿಂದೆ, ಅಮ್ಮ ಸಂತೆಗೆ ಹೋಗಿದ್ದಾಗ.

"ನೋಡಿದೆ."

"ಎಂತ ಮಾಡ್ತಿದ್ರು?"

"ಮಣ್ಣಲ್ಲಿ ಕೈ ಇಟ್ಟಿದ್ರು."

ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ಆಮೇಲಿನ ಇಡೀ ಜೀವನದಲ್ಲಿ ನಾನು ಹೇಳಿಲ್ಲ. ಅಮ್ಮ ಪಿನ್ನನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನೇ ತೆಗೆದದ್ದು ಎಂದು ಹೇಳಲು ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ. ತೆರೆದಿದ್ದೆ ಎಂದು ಬರೆಯಲು ಇಷ್ಟವಿದೆ, ಆದರೆ ನನ್ನ ನೆನಪಿನ ಮೇಲೂ ನನಗೆ ಅನುಮಾನವೇ.

ಅಮ್ಮ ಅತ್ತೆಯನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅದರ ಬದಲು ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವಾಗ ಒಂದು ಹೊಸ ಗಂಟು ಬಂತು, ಅಮ್ಮನಿಗೆ ಮಾತ್ರ ಹಾಕಲು ಬರುವ ಗಂಟು. ಸಕ್ಕರೆ ಡಬ್ಬದಲ್ಲಿ ಸಕ್ಕರೆಯ ಮೇಲ್ಮೈಯನ್ನು ಸಪಾಟು ಮಾಡಿ ಬೆರಳಲ್ಲಿ ಒಂದು ಗೆರೆ ಎಳೆದಿಟ್ಟಳು. ಊಟಕ್ಕೆ ಎಲ್ಲರಿಗೂ ತಾನೇ ಬಡಿಸತೊಡಗಿದಳು, "ನೀವು ಕೂತ್ಕೊಳ್ಳಿ ಅತ್ತಿಗೆ" ಎಂಬ ಅದೇ ಮಾತು, ಈಗ ಅದರಲ್ಲಿ ಬೇರೆಯೇ ಅರ್ಥ. ಅತ್ತೆ ಆ ಗಂಟನ್ನು ಒಂದು ದಿನ ನಿಂತು ನೋಡಿದಳು. ಬಿಚ್ಚಲಿಲ್ಲ. ಅಂದಿನಿಂದ ಉಪ್ಪಿನಕಾಯಿ ಇಲ್ಲದೆ ಊಟ ಮಾಡಿದಳು. ಅಪ್ಪನಿಗೆ ಇದು ಯಾವುದೂ ಕಾಣಲಿಲ್ಲ. ಮನೆಯಲ್ಲಿ ಸದ್ದು ಕಡಿಮೆಯಾಗಿದೆ ಎಂದು ಅವನಿಗೆ ಸಂತೋಷವೇ ಆಗಿದ್ದಿರಬೇಕು. ಹತ್ತು ಹನ್ನೆರಡು ದಿನ ಕಳೆದು, ಮಧ್ಯಾಹ್ನದ ಊಟದ ನಡುವೆ ಅತ್ತೆ ಹೇಳಿದಳು:

"ತಮ್ಮಾ, ನೆಮ್ಮಾರಲ್ಲಿ ಮೈದುನನ ಹೆಂಡ್ತಿಗೆ ಸೊಂಟ ನೋವಂತೆ. ಹೋಗ್ತೇನೆ. ಅಲ್ಲೂ ಒಂದು ಜನ ಬೇಕು."

"ಎಷ್ಟು ದಿನಕ್ಕಕ್ಕ?"

"ನೋಡ್ವಾ."

ಮೈದುನನ ಹೆಂಡತಿಗೆ ಅತ್ತೆಯ ನೆರಳೂ ಆಗುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅಪ್ಪ ಅನ್ನ ಕಲೆಸುತ್ತಾ ಉಳಿದ. ಮರುದಿನ ಹೊರಡುವಾಗ ಅತ್ತೆ ತನ್ನ ಟ್ರಂಕನ್ನು ಕೋಣೆಯಿಂದ ನಡುಮನೆಗೆ ಎಳೆದು ತಂದು, ಅಮ್ಮನ ಎದುರಿಗೆ ಮುಚ್ಚಳ ತೆರೆದಳು. ಒಂದೊಂದೇ ಸೀರೆಯನ್ನು ತೆಗೆದು, ಬಿಚ್ಚಿ, ಕೊಡವಿ, ಮತ್ತೆ ಮಡಚಿ ಇಟ್ಟಳು. ಒಳಲಂಗಗಳನ್ನೂ. ಔಷಧಿಯ ಡಬ್ಬಿಯನ್ನೂ ತೆರೆದು ತೋರಿಸಿ ಮುಚ್ಚಿದಳು.

"ಜಿರಲೆ ಹೊಕ್ಕಿದ್ಯೇನೋ ಅಂತ," ಅಂದಳು.

ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಬೇಡ ಬಿಡಿ ಅತ್ತಿಗೆ ಎಂದು ಅವಳು ಅನ್ನುತ್ತಾಳೆಂದು ನಾನು ಕಾದೆ. ಅನ್ನಲಿಲ್ಲ. ಕೊನೆಯ ಸೀರೆಯವರೆಗೂ ನೋಡಿದಳು. ನನಗೆ ಅಳು ಬಂತು. ಅತ್ತೆ ಹೋಗುತ್ತಾಳೆಂದು ಅಳುತ್ತಿದ್ದೇನೆ ಎಂದುಕೊಂಡು ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ಅತ್ತೆಯೂ ಮಾಡಿದಳು.

ಅತ್ತೆ ಹೋದ ಮೇಲೆ ಒಂದು ಮರಿಯೂ ಕಾಣೆಯಾಗಲಿಲ್ಲ. ಆಗುವುದಾದರೂ ಹೇಗೆ? ಹೆದರಿಕೆಗೆ ನಾನು ಹಿತ್ತಲಿಗೇ ಹೋಗುತ್ತಿರಲಿಲ್ಲ. ಉಳಿದ ಎರಡರ ಜೊತೆ ಮೂರು ಹೊಸ ಹಂಬು ಬಂದವು, ಅಮ್ಮ ಬೆಳಿಗ್ಗೆ ಎಣಿಸಿದರೆ ಐದು, ಸಂಜೆ ಎಣಿಸಿದರೆ ಐದು. ಅವಳು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು.

"ಈಗ ನೋಡಿ, ಒಂದೂ ಹೋಗ್ಲಿಲ್ಲ. ನಾನು ಬಾಯಿ ಬಿಟ್ಟು ಎಂತಾದ್ರೂ ಹೇಳಿದ್ನಾ?"

ಇದನ್ನು ಕೇಳಿದ ಮೇಲೆ ನನಗೆ ಒಂದು ದಾರಿ ಹೊಳೆಯಿತು. ಅತ್ತೆ ಇಲ್ಲದಾಗಲೂ ಮರಿ ಹೋದರೆ ಕದ್ದವಳು ಅತ್ತೆಯಲ್ಲ ಎಂದಾಯಿತಲ್ಲ! ಮರುದಿನವೇ ಬ್ಲೇಡು ತೆಗೆದುಕೊಂಡು ಹೋಗಿ ಒಂದು ಹಂಬನ್ನು ಕೊಯ್ದೆ. ಅಮ್ಮ ಎಣಿಸಿದಳು, ನಾಲ್ಕು. ಬಹಳ ಹೊತ್ತು ಕುಂಡದ ಮುಂದೆ ಕೂತಳು. ನಾನು ಬಾಗಿಲ ಮರೆಯಲ್ಲಿ ಕಾದೆ. ಎದ್ದವಳು ಅಂದಳು:

"ಹೋಗುವಾಗ ಸರೋಜನಿಗೆ ಹೇಳಿಕೊಟ್ಟು ಹೋಗಿದ್ದಾರೆ."

ಅವತ್ತು ನನಗೆ ಅನುಮಾನವೆಂದರೆ ಏನೆಂದು ಗೊತ್ತಾಯಿತು. ಎದುರಿಗೆ ಏನೇ ತಂದು ಸುರಿದರೂ ಅದು ತನಗೆ ಬೇಕಾದ ಹಿಟ್ಟನ್ನೇ ಮಾಡಿಕೊಳ್ಳುತ್ತದೆ. ಇನ್ನು ಹೇಳದೆ ಉಪಾಯವಿರಲಿಲ್ಲ. ಅಡಿಗೆಮನೆಗೆ ಹೋಗಿ, ನಾನೇ ತೆಗೆದದ್ದು, ಎಲ್ಲವನ್ನೂ ನಾನೇ ತೆಗೆದದ್ದು ಅಂದೆ. ಅಮ್ಮ ಸೌಟು ಕೆಳಗಿಟ್ಟು ನನ್ನ ಗಲ್ಲ ಹಿಡಿದು ಮುಖ ಎತ್ತಿದಳು. ಬೈಯುತ್ತಾಳೆ ಎಂದುಕೊಂಡರೆ, ಮೆತ್ತಗೆ ಕೇಳಿದಳು:

"ಹೀಗೆ ಹೇಳು ಅಂತ ಅತ್ತೆ ಹೇಳಿಕೊಟ್ರಾ ಮಗಾ?"

ಕೈ ಹಿಡಿದು ಎಳೆದುಕೊಂಡು ಹೋದೆ. ಮಿಲ್ಲಿನ ಹಿಂದಿನ ಮೂಲೆಯಲ್ಲಿ ಆರು ಕರಟ ಸಾಲಾಗಿದ್ದವು. ನಾಲ್ಕರಲ್ಲಿ ಒಣಗಿದ ಕಡ್ಡಿ, ಒಂದರಲ್ಲಿ ಅವತ್ತಿನ ಮರಿ ಬಾಡುತ್ತಿತ್ತು, ಒಂದರಲ್ಲಿ ಐದನೆಯದು ಹಸಿರಾಗಿ ನಿಂತಿತ್ತು. ಬ್ಲೇಡು ಇಟ್ಟಿಗೆಯಡಿ ಇತ್ತು. ಅಮ್ಮ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿದಳು. ಹಸಿರು ಗಿಡವನ್ನು ಮಣ್ಣಿನಿಂದ ಮೆಲ್ಲಗೆ ಬಿಡಿಸಿದಾಗ ಬೇರು ಗಂಟುಗಂಟಾಗಿ ಜೋತುಬಿತ್ತು. ಬುಡದಲ್ಲಿ ಉಳಿದಿದ್ದ ಹಂಬಿನ ತುಂಡಿನ ಮೇಲೆ ತಂತಿ ಒತ್ತಿದ ಒಂದು ಸಣ್ಣ ಗುರುತು ಇತ್ತು. ಅಮ್ಮ ಸೆರಗಿನ ಗಂಟು ಬಿಚ್ಚಿ ಪಿನ್ನು ತೆಗೆದು ಆ ಗುರುತಿನ ಮೇಲೆ ಇಟ್ಟಳು. ಸರಿಯಾಗಿ ಕೂತಿತು. ಹೆಜ್ಜೆ ಓದುವವಳಿಗೆ ಇಷ್ಟು ಸಾಕಾಯಿತು. ಅತ್ತೆ ಮರಿಯನ್ನು ಕೀಳಲು ಬಂದವಳಲ್ಲ, ಅಲ್ಲಾಡದ ಹಾಗೆ ಮಣ್ಣಿಗೆ ಹಿಡಿಸಲು ಬಂದವಳು. ಅಮ್ಮನ ಮುಖ ನಾನು ನೋಡುತ್ತಿದ್ದ ಹಾಗೇ ಬಣ್ಣಗೆಟ್ಟಿತು. ಸ್ವಲ್ಪ ಹೊತ್ತಿಗೆ ಅವಳು ಎಲ್ಲ ಕರಟಗಳನ್ನೂ ಹೊಟ್ಟಿನ ರಾಶಿಯೊಳಗೆ ತಳ್ಳಿದಳು, ಹಸಿರು ಗಿಡವನ್ನೂ. ಕೈ ಕೊಡವಿಕೊಂಡಳು.

"ಆದದ್ದು ಆಯ್ತು. ನಾಕು ದಿನ ಹೋದ್ರೆ ಅವರೇ ಬರ್ತಾರೆ. ಅಪ್ಪನಿಗೆ ಹೇಳ್ಬೇಡ."

ಬೈದಿದ್ದರೆ, ಹೊಡೆದಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ. ಆದರೆ ಅಮ್ಮ ತಪ್ಪನ್ನು ಹೊಟ್ಟಿನಡಿ ಮುಚ್ಚಿದ್ದನ್ನು ಕಂಡು ನನಗೆ ಅವಳ ಮೇಲೆ ಎಂದೂ ಬಾರದ ಹೆದರಿಕೆ ಬಂತು. ಮನೆಯೊಳಗೆ ಓಡಿ, ನಡುಬಾಗಿಲು ದಾಟಿ ಮಿಲ್ಲಿಗೆ ಹೋದೆ. ಮೋಟಾರು ಓಡುತ್ತಿತ್ತು, ಹತ್ತು ಹನ್ನೆರಡು ಜನ ಚೀಲ ಹಿಡಿದು ನಿಂತಿದ್ದರು, ಅವರಲ್ಲಿ ಸರೋಜಕ್ಕನೂ ಇದ್ದರು. ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದೆ. ಅವನಿಗೆ ಕೇಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅವನು ಕೈ ಚಾಚಿ ಸ್ವಿಚ್ಚು ಕೆಳಗೆ ಎಳೆದ. ಬೆಲ್ಟು ಪಟಪಟ ಬಡಿದು ನಿಂತಿತು. ಅಷ್ಟು ನಿಶ್ಶಬ್ದ ಆ ಮಿಲ್ಲಿನಲ್ಲಿ ಹಗಲು ಹೊತ್ತು ನಾನು ಕೇಳಿರಲಿಲ್ಲ.

"ಎಂತ ಹೇಳಿದ್ದು? ಇನ್ನೊಂದ್ ಸಲ ಹೇಳು."

"ಮರಿ ಕದ್ದದ್ದು ನಾನು. ಅತ್ತೆ ಅಲ್ಲ. ಅಮ್ಮನಿಗೂ ಗೊತ್ತು."

ಚೀಲ ಹಿಡಿದವರೆಲ್ಲ ನನ್ನನ್ನು ನೋಡಿದರು. ಈ ಮನೆಯಲ್ಲಿ ಒಬ್ಬ ಕಳ್ಳ ಇರಲೇಬೇಕೆಂದು ಎಷ್ಟೋ ವರ್ಷದಿಂದ ಕಾದಿದ್ದವರಿಗೆ ಕೊನೆಗೂ ಒಬ್ಬಳು ಸಿಕ್ಕಿದ್ದಳು. ಅಪ್ಪ ಮತ್ತೆ ಸ್ವಿಚ್ಚು ಹಾಕಿದ. ಅರ್ಧ ಬೀಸಿದ ಅಕ್ಕಿಯನ್ನು ಪೂರ್ತಿ ಬೀಸಿ ಕೊಟ್ಟ, ಉಳಿದವರನ್ನು ನಾಳಿದ್ದು ಬನ್ನಿ ಎಂದು ಕಳಿಸಿದ. ಹಬ್ಬಕ್ಕೂ ಮುಚ್ಚದ ಮಿಲ್ಲು ಮರುದಿನ ಮುಚ್ಚಿತ್ತು. ಅವನು ಮೊದಲ ಬಸ್ಸಿಗೆ ಶೃಂಗೇರಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ನೆಮ್ಮಾರಿಗೆ ಹೋದ. ಅಮ್ಮ ಅತ್ತೆಯ ಕೋಣೆಯನ್ನು ಎರಡು ಸಲ ಒರೆಸಿದಳು. ಉಪ್ಪಿನಕಾಯಿಯ ಗಂಟು ಬಿಚ್ಚಿ, ಎಲ್ಲರೂ ಹಾಕುವ ಮಾಮೂಲಿ ಗಂಟು ಹಾಕಿದಳು.  ಸಂಜೆಯ ಬಸ್ಸಿಗೆ ಅಪ್ಪ ಒಬ್ಬನೇ ಇಳಿದು ಬಂದ. ಜಗಲಿಯಲ್ಲಿ ಕೂತು, ಅಮ್ಮ ತಂದ ಕಾಫಿಯನ್ನು ಪಕ್ಕಕ್ಕಿಟ್ಟು, ಅತ್ತೆ ಹೇಳಿ ಕಳಿಸಿದ ಮಾತನ್ನು ಹಾಗೆಯೇ ಒಪ್ಪಿಸಿದ.

"ಕೂಸು ತೆಗ್ದದ್ದು ಅಕ್ಕನಿಗೆ ಮೊದ್ಲೇ ಗೊತ್ತಿತ್ತಂತೆ. ಮಿಲ್ಲಿನ ಹಿಂದೆ ಒಣಗಿದ್ದು ನೋಡಿದ್ಳಂತೆ. ಮುಂದಿನದ್ದಾದ್ರೂ ಬದುಕ್ಲಿ ಅಂತ ಪಿನ್ ಚುಚ್ಚಿದ್ದಂತೆ."

"ಬನ್ನಿ ಅಂತ ಹೇಳ್ಲಿಲ್ವಾ?" ಅಮ್ಮ ಕೇಳಿದಳು.

"ಹೇಳಿದೆ. ನೀನು ತಪ್ಪಾಯ್ತು ಅಂದಿದ್ದೀ ಅಂತಲೂ ಹೇಳಿದೆ, ನೀನು ಹೇಳದಿದ್ರೂ. ಅದಕ್ಕೆ ಅಕ್ಕ ಹೇಳಿದ್ದು ಕೇಳು. 'ಈಗ ನಿಮಗೆ ನನ್ನ ಮೇಲೆ ಅನುಮಾನ ಇಲ್ಲ, ಸರಿ. ನಂಗೆ ನಿಮ್ಮ ಮೇಲೆ ಬಂತಲ್ಲ ಮಾರಾಯ. ನಾಳೆ ಲಲಿತ ಸಕ್ಕರೆ ಡಬ್ಬ ತೆಗೆದ್ರೆ, ನನ್ನ ಮುಖ ನೋಡ್ತಾಳಾ ಅಂತ ನಾನು ಅವಳ ಮುಖ ನೋಡ್ತಾ ಕೂರ್ಬೇಕು. ಇಲ್ಲಿ ಇವ್ರಿಗೆ ನಾನು ಬೇಡ ಅಂತ ಗೊತ್ತುಂಟು. ಗೊತ್ತಿದ್ದ ಕಡೆ ಇರ್ಬಹುದು.'"

ಕಾಫಿ ಕೆನೆ ಕಟ್ಟಿತು. ಯಾರೂ ಕುಡಿಯಲಿಲ್ಲ. ಅತ್ತೆ ಆಮೇಲೆ ಹಬ್ಬಕ್ಕೆ, ನನ್ನ ಮದುವೆಗೆ ಬಂದಳು. ಬಂದವಳು ಅಡಿಗೆಮನೆಯ ಹೊಸ್ತಿಲು ದಾಟದೆ, ನಡುಮನೆಯಲ್ಲಿ ನೆಂಟರ ಹಾಗೆ ಕೂತು, ಕೊಟ್ಟದ್ದನ್ನು ತಿಂದು ಹೋದಳು. ನನ್ನ ತಲೆ ಸವರುತ್ತಿದ್ದಳು, ಒಂದು ದಿನವೂ ಆ ಮಾತು ಎತ್ತಲಿಲ್ಲ. ಕಿಟಕಿಯ ಕೆಳಗಿನ ಸಾಲು ಏಳಲೇ ಇಲ್ಲ. ಜೂನ್ ಮಳೆ ಹಿಡಿದಾಗ ಕುಂಡವನ್ನು ಸೂರಿನಡಿಗೆ ಎತ್ತಿಡಲು ಯಾರಿಗೂ ಮನಸ್ಸಾಗಲಿಲ್ಲ. ತಾಯಿಗಿಡವೂ ಹಂಬೂ ಒಟ್ಟಿಗೆ ಕೊಳೆತವು.

ಈಗ ನಾನು ಕೊಪ್ಪದಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಮನೆಗೆಲಸಕ್ಕೆ ಗಿರಿಜಾ ಬರುತ್ತಾಳೆ. ಕಳೆದ ತಿಂಗಳು ಸೊಸೆಯ ಒಂದು ಓಲೆ ಕಾಣೆಯಾಯಿತು. ಅವಳು ಒಳ್ಳೆಯ ಹುಡುಗಿ, ಯಾರನ್ನೂ ಏನೂ ಅನ್ನಲಿಲ್ಲ. ಹುಡುಕುತ್ತಾ ಹುಡುಕುತ್ತಾ ಒಂದು ಸಲ, ಒಂದೇ ಒಂದು ಸಲ, ಪಾತ್ರೆ ತೊಳೆಯುತ್ತಿದ್ದ ಗಿರಿಜಾಳ ಬೆನ್ನಿನ ಕಡೆ ನೋಡಿದಳು. ಗಿರಿಜಾಳ ಕೈ ನಲ್ಲಿಯ ಕೆಳಗೆ ಒಂದು ಕ್ಷಣ ನಿಂತು ಮತ್ತೆ ಆಡಿತು.

"ಅದನ್ನ ನಾನೇ ತೆಗ್ದಿದ್ದೆ," ಅಂದೆ.

"ಎಲ್ಲಿಟ್ರಿ ಅತ್ತೆ?"

"ಮರ್ತೇ ಹೋಯ್ತು ಮಾರಾಯ್ತಿ."

ಈ ವರ್ಷ ಇದು ಮೂರನೆಯ ಸಲ. ಮೊದಲು ಬೆಳ್ಳಿ ಚಮಚ, ಆಮೇಲೆ ಮಗನ ಪೆನ್‌ಡ್ರೈವ್. ಯಾವುದನ್ನೂ ನಾನು ಮುಟ್ಟಿದವಳಲ್ಲ. ಓಲೆ ಮೂರು ದಿನದ ಮೇಲೆ ದಿಂಬಿನ ಚೀಲದೊಳಗೆ ಸಿಕ್ಕಿತು, ಅದನ್ನೂ ನಾನೇ ಅಲ್ಲಿ ಹಾಕಿದೆ ಎಂದಾಯಿತು. ಮಗ ನನ್ನನ್ನು ಶಿವಮೊಗ್ಗಕ್ಕೆ ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಿನ್ನೆ ಏನು ತಿಂಡಿ, ಇವತ್ತು ಯಾವ ವಾರ ಎಂದು ಅವರು ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದೆ. ಮರೆವೇನೂ ಇಲ್ಲವಲ್ಲ ಎಂಬ ಹಾಗೆ ಅವರು ಮಗನ ಮುಖ ನೋಡಿದರು. ಈಚೆಗೆ ಸೊಸೆ ಹೊರಗೆ ಹೋಗುವಾಗ ತನ್ನ ಬೀರುವಿಗೆ ಬೀಗ ಹಾಕುತ್ತಾಳೆ, ಎರಡು ಸಲ ಎಳೆದು ನೋಡುತ್ತಾಳೆ. ನನ್ನ ಕೋಣೆಗೆ ಅದು ಕೇಳಿಸುತ್ತದೆ. ನೋವಾಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಗಿರಿಜಾ ಇವತ್ತೂ ಏಳೂವರೆಗೆ ಬಂದಳು, ಚಪ್ಪಲಿ ಬಿಟ್ಟಳು, ಪಾತ್ರೆಗೆ ಕೈ ಹಾಕಿದಳು.